ಹತ್ತು ಮಕ್ಕಳು ಬೇಕು

ನುಗ್ಗೇಹಳ್ಳಿ ಸೀಮೆಯ ನಮ್ಮ ಕಿರಿಯ ಪ್ರಾಥಮಿಕ ಶಾಲೆಗೆ ನಾನೊಬ್ಬನೇ ಮೇಷ್ಟ್ರು, ಬಿಸಿಯೂಟಕ್ಕೆ ದೊಡ್ಡಮ್ಮ ಒಬ್ಬಳೇ. ಹದಿನೇಳು ವರ್ಷದಿಂದ ಅಡುಗೆ ಮಾಡುತ್ತಿರುವ ಆಕೆ ಕೂತಲ್ಲಿ ಕೂರುವ ಹೆಂಗಸಲ್ಲ. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ನಾಲ್ಕು ಸಲ ಗೇಟಿಗೆ ಹೋಗಿ ರಸ್ತೆ ನೋಡುತ್ತಾಳೆ, ಬಾಗಿಲಲ್ಲಿ ನಿಂತು ಮಕ್ಕಳ ತಲೆ ಎಣಿಸುತ್ತಾಳೆ, ಐದು ನಿಮಿಷ ಬಿಟ್ಟು ಮತ್ತೆ ಎಣಿಸುತ್ತಾಳೆ. ಅಷ್ಟರಲ್ಲಿ ಅವೇನು ಮರಿ ಹಾಕುತ್ತವೆಯೇ ಎಂದು ನಾನು ರೇಗಿಸುತ್ತಿದ್ದೆ.

ಈ ಜೂನ್‌ನಲ್ಲಿ ರೇಗಿಸುವ ಧೈರ್ಯ ನನಗೂ ಇರಲಿಲ್ಲ. ಒಂದು ಶುಕ್ರವಾರ ಶಿಕ್ಷಣ ಇಲಾಖೆಯ ಕಚೇರಿಯಿಂದ ರಜನೀಶ್ ಎಂಬ ಅಧಿಕಾರಿ ಬರುವವರಿದ್ದರು. ಅಂದು ಹತ್ತು ಮಕ್ಕಳು ಕಣ್ಣಿಗೆ ಕಾಣದಿದ್ದರೆ ನಮ್ಮ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿಬಿಡುತ್ತೇವೆ ಎಂದು ಮೊದಲೇ ಹೇಳಿದ್ದರು. ನಮ್ಮಲ್ಲಿದ್ದದ್ದು ಆರು. ದೊಡ್ಡಮ್ಮ ಮನೆಮನೆಗೆ ಹೋಗಿ ಅಂಗಲಾಚಿದಳು. ಎಲ್ಲರೂ ಮರ್ಯಾದೆಯಿಂದ ಚಾಪೆ ಹಾಕಿ ಕೂರಿಸಿದರು, ಮಗುವನ್ನು ಮಾತ್ರ ಕೊಡಲಿಲ್ಲ. ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಆಗಲೇ ಅವರ ಮಕ್ಕಳನ್ನು ತುಂಬಿಕೊಂಡು ಪಟ್ಟಣಕ್ಕೆ ಹೋಗಿರುತ್ತಿತ್ತು.

ಕೊನೆಗೆ ಆಕೆ ತೆಂಗಿನ ನಾರಿನ ಫ್ಯಾಕ್ಟರಿಯ ಶೆಡ್ಡುಗಳಿಗೆ ನುಗ್ಗಿದಳು. ಅಲ್ಲಿರುವವರು ಒಡಿಶಾದಿಂದ ಬಂದ ಕೆಲಸದವರು. ಸೋಮವಾರ ಬೆಳಿಗ್ಗೆ ನಾಲ್ಕು ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಬಂದಳು.

“ಹತ್ತಾದ್ವು ಕಣ್ ಸಾ. ಬರ್ಕಳಿ.”

ತನ್ನ ಮಗುವನ್ನು ಆ ವ್ಯಾನು ಹತ್ತಿಸಿ ಬಂದು ಗೇಟಿನಾಚೆ ನಿಂತಿದ್ದ ಚನ್ನಪ್ಪ ನಕ್ಕ. “ಏನ್ ದೊಡ್ಡಮ್ಮ, ಸ್ಕೂಲು ರೈಲ್ವೆ ಟೇಸನ್ ಆಯ್ತಾ?”

“ಆಗ್ಲಿ ಬಿಡ್ಲಾ, ನಿನ್ ಮಗೀಗೂ ಒಂದ್ ಟಿಕೀಟ್ ಕೊಡ್ತೀನಿ.”

ಆ ಸಂಭ್ರಮಕ್ಕೆ ಮನೆಯಿಂದ ರಾಗಿಹಿಟ್ಟು ತಂದು ಮುದ್ದೆ ಕಟ್ಟಿದಳು, ಹುರುಳಿಕಾಳಿನ ಬಸ್ಸಾರು ಮಾಡಿದಳು. ಹೊಸ ಮಕ್ಕಳು ತಲೆ ತಗ್ಗಿಸಿ ತಿಂದವು. ಮಂಗಳವಾರ ಅವುಗಳಲ್ಲಿ ಒಂದೂ ಬರಲಿಲ್ಲ. ಬುಧವಾರವೂ ಇಲ್ಲ. ದೊಡ್ಡಮ್ಮ ಗೇಟಿಗೂ ಅಡುಗೆಮನೆಗೂ ಓಡಾಡಿ ಓಡಾಡಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾವು ಬಾಯಿ ಮುಚ್ಚಿಕೊಂಡು ಉಂಡೆವು.

ಗುರುವಾರ ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಶೆಡ್ಡಿಗೆ ಹೊರಟಳು. ನಾಲ್ವರಲ್ಲಿ ಹಿರಿಯ ಹುಡುಗಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಅವರು ಹಿಂದೆ ತಿಪಟೂರಿನಲ್ಲಿ ಇದ್ದವರು.

“ಕಪ್ಪು ಉಂಡೆ ಹಲ್ಲಿಗೆ ಅಂಟ್ತು ಅಜ್ಜಿ. ಅಗಿದು ಅಗಿದು ತಮ್ಮ ವಾಂತಿ ಮಾಡ್ದ,” ಎಂದಳು.

ದೊಡ್ಡಮ್ಮ ಹಣೆ ಚಚ್ಚಿಕೊಂಡಳು. “ಅಗುದ್ಬುಟ್ರಾ? ಮುದ್ದೆ ನುಂಗಾದು ಕಣವ್ವ, ಅಗಿಯಾದಲ್ಲ.”

ಹಾಗೆಂದು ಯಾರಿಗಾದರೂ ಹೇಳಿಕೊಡಬೇಕು ಎಂಬುದು ಆಕೆಗಾಗಲಿ ನನಗಾಗಲಿ ಹೊಳೆದೇ ಇರಲಿಲ್ಲ. ನಮ್ಮ ಕಡೆ ಮಕ್ಕಳು ಹಲ್ಲು ಬರುವ ಮೊದಲೇ ಮುದ್ದೆ ನುಂಗಲು ಕಲಿತಿರುತ್ತವೆ.

ಹುಡುಗಿ ಅದನ್ನು ತಾಯಿಗೆ ತಿಳಿಸಿದಳು. ತಾಯಿ ನಗಲಿಲ್ಲ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ನೀರು ಹಾಕಿದ ತಂಗಳನ್ನ, ಈರುಳ್ಳಿ, ಹಸಿಮೆಣಸಿನಕಾಯಿ ತಂದು ದೊಡ್ಡಮ್ಮನ ಮುಂದೆ ಹಿಡಿದಳು. ದೊಡ್ಡಮ್ಮ ನೆಂಟರ ಮನೆ ಬಿಟ್ಟರೆ ಬೇರೆ ಕಡೆ ನೀರೂ ಮುಟ್ಟುವವಳಲ್ಲ. ಊರಿನ ಅಷ್ಟೂ ಜಾತಿಯ ಮಕ್ಕಳಿಗೆ ಉಣಿಸಿದವಳು ಅವರ ಮನೆಗಳಲ್ಲಿ ಒಂದು ತುತ್ತು ಉಂಡವಳಲ್ಲ. ತಟ್ಟೆ ಬೇಡವೆಂದರೆ ಮಕ್ಕಳು ಬರುವುದಿಲ್ಲ, ಅದು ಆ ತಾಯಿಯ ಕಣ್ಣಲ್ಲೇ ಇತ್ತು.

ದೊಡ್ಡಮ್ಮ ಒಮ್ಮೆ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಬೇರೆಲ್ಲೋ ನೋಡಿದೆ. ಮತ್ತೆ ತಿರುಗಿದಾಗ ನಾರಿನ ರಾಶಿಯ ಪಕ್ಕ ಕೂತು ಉಣ್ಣುತ್ತಿದ್ದಳು. ಒಂದು ಅಗುಳೂ ಬಿಡಲಿಲ್ಲ.

ಶುಕ್ರವಾರ ಹತ್ತು ಮಕ್ಕಳಿದ್ದವು. ರಜನೀಶ್ ಎಣಿಸಿ, ಬರೆದುಕೊಂಡು, ಜೀಪು ಹತ್ತಿದರು. ನನಗೆ ಹೋದ ಜೀವ ಬಂದಂತಾಯಿತು. ದೊಡ್ಡಮ್ಮ ಮಾತ್ರ ಒಂದು ಕಡೆ ನಿಲ್ಲದೆ ಚಡಪಡಿಸುತ್ತಿದ್ದಳು.

“ಇನ್ನೇನು ದೊಡ್ಡಮ್ಮ, ಶಾಲೆ ಉಳೀತಲ್ಲ,” ಎಂದೆ.

“ದೀಪಾವಳಿಗೆ ಬ್ಯಾರೆ ಕಡೆ ಓಯ್ತಾರಂತೆ ಸಾ ಅವ್ರು. ಎಣಿಕೆಗೆ ಅಂತ ಕರ್ಕಬಂದೆ. ಈಗ ನೆನುಸ್ಕಂಡ್ರೆ ಸಂಕ್ಟ ಆಯ್ತದೆ.” ಗೇಟಿನ ತನಕ ಹೋಗಿ ಬಂದು ಮತ್ತೆ ಹೇಳಿದಳು: “ಎಲ್ರ ಮನೇಗೂ ಓಗಿದ್ದೆ, ನಿಮ್ ಮನೇಗ್ ಒಂದ್ ಬರ್ಲಿಲ್ಲ. ನಿಧಿ ಮೂರ್ನೇ ಕ್ಲಾಸ್ ಅಲ್ವಾ ಸಾ? ನಮ್ಮಲ್ಲೂ ಐತಲ್ಲ ಮೂರ್ನೇ ಕ್ಲಾಸು.”

ನಿಧಿ ನನ್ನ ಮಗಳು. ಚನ್ನರಾಯಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ದೊಡ್ಡಮ್ಮ ಕುಟುಕಬೇಕೆಂದು ಕೇಳಿದ್ದಲ್ಲ; ಹಾಗಿದ್ದರೆ ನಾನು ರೇಗಿ ತಪ್ಪಿಸಿಕೊಳ್ಳಬಹುದಿತ್ತು. ಆಕೆ ಉತ್ತರಕ್ಕಾಗಿ ಕಾಯುತ್ತಿದ್ದಳು.