ಪುಕ್ಕಟೆ ಮಾತ್ರೆ

ಸೊರಬದಲ್ಲಿ ಅಂಗಡಿ ಚೆನ್ನಾಗಿ ನಡೆಯುತ್ತಿದ್ದರೂ ನನ್ನ ರಕ್ತದೊತ್ತಡದ ಮಾತ್ರೆಗಳನ್ನು ನಾನು ಕೊಳ್ಳುತ್ತಿರಲಿಲ್ಲ; ಶಿಕಾರಿಪುರದ ಅಕ್ಕನಿಂದ ತರುತ್ತಿದ್ದೆ. ಅವಳಿಗೂ ಅದೇ ಕಾಯಿಲೆ. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಭಾವ ಸರ್ಕಾರಿ ನೌಕರರಾದ್ದರಿಂದ ಅವಳ ಔಷಧಿಯ ಖರ್ಚು ಸರ್ಕಾರದ್ದು.

"ಪುಕ್ಕಟೆ ಬರ್ತಾವೆ, ತಗೊಂಡ್ಹೋಗೋ ಜಿಪುಣ" ಎಂದು ನಗುತ್ತ ಪೊಟ್ಟಣ ಕಟ್ಟುತ್ತಿದ್ದಳು. ಭಾವ ನಿವೃತ್ತರಾದ ಮೇಲೂ ನಾನು ಏನೂ ಕೇಳಲಿಲ್ಲ, ಅವಳ ಮಾತೂ ಬದಲಾಗಲಿಲ್ಲ.

ಒಮ್ಮೆ ಹೋದಾಗ ಅಕ್ಕ ಮಲಗಿದ್ದಳು. ಬಾಯಿ ವಾರೆಯಾಗಿತ್ತು, ಬಲಗೈ ಬಿದ್ದುಹೋಗಿತ್ತು.

"ಅಕ್ಕ ಮಾತ್ರೆ ತಗೊಳ್ತಿರಲಿಲ್ವಾ, ಭಾವ?"

"ಸರ್ಕಾರ ಕೊಡೋದು ನೌಕರಿ ಇರೋ ತನಕ. ಆಮೇಲೆಲ್ಲ ಕೊಂಡಿದ್ದು. ನಿನಗೆ ಇಡೀವು, ಅವಳಿಗೆ ಅಡಕತ್ತರೀಲಿ ಅರ್ಧ ಮಾಡಿದ್ದು."

ಅಕ್ಕ ಎಡಗೈಯಿಂದ ದಿಂಬಿನಡಿ ತಡಕಿ ನನ್ನ ಪೊಟ್ಟಣವನ್ನು ಚಾಚಿದಳು.

"ತಪ್ಪಾಯ್ತಕ್ಕಾ" ಎಂದೆ.