ಒಂದು ಬೆಳಗಿನ ಮಟ್ಟಿಗೆ ಅಂಗಿ

ಇಸ್ತ್ರಿ ಅಂಗಡಿಯವನ ಮಗಳು ಡಾಕ್ಟರ್ ಓದಲು ಅರ್ಜಿ ಹಾಕಿದ್ದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಾಗದಂತಿರಲು ಅಪ್ಪ ಬಿಟ್ಟರೆ ತಾನೆ? ಪ್ಯಾಂಟು ಕೊಡಲು ಬಂದವರಿಗೂ, ಬರೀ ದಾರಿ ಕೇಳಲು ನಿಂತವರಿಗೂ ಮಗಳ ಗುಣಗಾನ ಮಾಡಿ ತಲೆ ತಿನ್ನುತ್ತಿದ್ದ. ಲಿಖಿತ ಪರೀಕ್ಷೆಯನ್ನು ಅವಳು ಚೆನ್ನಾಗಿಯೇ ಬರೆದಳು. ಉಳಿದದ್ದು ಸಂದರ್ಶನ.

ತೊಡಲು ನೆಟ್ಟಗಿನ ಬಟ್ಟೆ ಇರಲಿಲ್ಲ. ಊರವರ ಬಟ್ಟೆಯೆಲ್ಲ ಇವರ ಮನೆಯಲ್ಲಿ, ಇವಳ ಅಂಗಿ ಮಾತ್ರ ಮೊಣಕೈ ಹತ್ತಿರ ಸವೆದದ್ದು! ಗಿರಾಕಿಯ ಬಟ್ಟೆ ಮೈಗೆ ತಾಗಿಸಬಾರದೆಂದು ಅಪ್ಪನ ಕಟ್ಟಪ್ಪಣೆ. ಚಿಕ್ಕಂದಿನಲ್ಲಿ ಯಾರದೋ ಟೋಪಿ ಹಾಕಿಕೊಂಡು ಬೆನ್ನಿಗೆ ಗುದ್ದು ತಿಂದಿದ್ದಳು. ಅಂಥ ಅಪ್ಪನೇ ಮೇಲಿನ ಬೀದಿಯ ದೊಡ್ಡ ಮನೆಯ ಗಂಟಿನಿಂದ ಕೆನೆಬಣ್ಣದ ಅಂಗಿ ತೆಗೆದ.

“ಒಂದು ಬೆಳಗ್ಗೆ ಅಷ್ಟೇ. ಆಮೇಲೆ ಒಗೆದು ಇಸ್ತ್ರಿ ಮಾಡಿಟ್ರೆ ಯಾರಿಗ್ ಗೊತ್ತಾಗತ್ತೆ? ಹಾಕ್ಕೋ ಮಗಳೇ,” ಎಂದ, ಅವಳ ಮುಖ ನೋಡದೆ.

ಆ ಮನೆಯ ಬಟ್ಟೆಯನ್ನು ತರುವವನೂ ಒಯ್ಯುವವನೂ ಡ್ರೈವರ್. ಮನೆಯೊಡತಿಯನ್ನು ಇವರು ಕಂಡೇ ಇರಲಿಲ್ಲ. ಉಳಿದ ಬಟ್ಟೆಗಳನ್ನು ಅವನ ಕೈಗೆ ಕೊಟ್ಟು, ಇದೊಂದು ಆಮೇಲೆ ಎಂದರು.

ಸಂದರ್ಶನದ ಕೋಣೆಗೆ ಕಾಲಿಟ್ಟದ್ದೇ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. ಮೇಜಿನಾಚೆ ಕುಳಿತ ಡಾಕ್ಟರಮ್ಮ ತೊಟ್ಟಿದ್ದ ಹಸಿರು ಅಂಗಿಯ ತೋಳಿನ ನೆರಿಗೆಗಳನ್ನು ಹಿಂದಿನ ಸಂಜೆ ಇವಳೇ ಕೂರಿಸಿದ್ದಳು. ಅದೂ ತಾನು ತೊಟ್ಟದ್ದೂ ಒಂದೇ ಗಂಟಿನವು!

ಹುಡುಗಿ ಎದೆಯ ಮೇಲೆ ಕೈ ಕಟ್ಟಿ, ತಲೆ ತಗ್ಗಿಸಿ ಮುದುಡಿ ಕೂತಳು. ಕೇಳಿದ್ದೆಲ್ಲ ಗೊತ್ತಿದ್ದದ್ದೇ, ನಾಲಿಗೆ ಹೊರಳಬೇಕಲ್ಲ!

“ಹೆದರ್ಬೇಡಮ್ಮ, ತಲೆ ಎತ್ತು,” ಎಂದರು ಡಾಕ್ಟರಮ್ಮ.

ಭೂಮಿ ಬಾಯ್ಬಿಡಬಾರದೇ ಎನಿಸಿತು. ಕಳ್ಳಿ, ಕಳ್ಳಿ ಎಂದು ತನ್ನನ್ನೇ ಬೈದುಕೊಳ್ಳುತ್ತ ಹೊರಬಂದಳು. ಸೀಟು ಸಿಗಲಿಲ್ಲ.

ಮುಂದಿನ ವಾರ ಡ್ರೈವರ್ ರಜೆ ಹಾಕಿದ್ದ. ಡಾಕ್ಟರಮ್ಮ ತಾವೇ ಅಂಗಡಿಗೆ ಬಂದರು. ಪರದೆಯ ಹಿಂದೆ ಬಟ್ಟೆ ಮಡಚುತ್ತಿದ್ದ ಹುಡುಗಿ ದನಿಯಿಂದಲೇ ಗುರುತು ಹಿಡಿದು ಉಸಿರು ಬಿಗಿಹಿಡಿದಳು. ಅಪ್ಪ ಕೆನೆಬಣ್ಣದ ಅಂಗಿಯನ್ನು ಮುಂದಿಟ್ಟ.

“ಅರೆ, ಥೇಟ್ ಇಂಥದೇ ಅಂಗಿ ಹಾಕ್ಕೊಂಡು ಒಬ್ಳು ಹುಡುಗಿ ಬಂದಿದ್ಳು, ಡಾಕ್ಟರ್ ಸೀಟಿಗೆ,” ಎಂದು ನಕ್ಕರು. “ನನಗೂ ಇಂಥದೇ ಇದೆ ಅಂತ ಹೇಳಿ ಮಾತಾಡ್ಸೋಣ ಅಂದ್ಕೊಂಡೆ. ಪಾಪ, ತಲೇನೇ ಎತ್ತಲಿಲ್ಲ. ಬರೆದಿದ್ದು ನೋಡಿದ್ರೆ ಎಷ್ಟು ಜಾಣೆ! ಒಂದೇ ಒಂದು ಮಾತಾಡಿದ್ರೆ ಸೀಟು ಅವಳದೇ. ಈಗ್ಲೂ ನೆನೆಸ್ಕೊಂಡ್ರೆ ಬೇಜಾರಾಗತ್ತೆ.”

ಅಪ್ಪ ಅಂಗಿಯನ್ನು ಕಾಗದದಲ್ಲಿ ಸುತ್ತತೊಡಗಿದ.

“ನಿಮಗೆ ಮಕ್ಕಳಿದಾರಾ?”

“ಮಗಳೊಬ್ಳು, ಮೇಡಂ.”

“ಏನ್ ಓದ್ತಿದಾಳೆ?”

ಅವನು ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದ.

“ಅವಳ ತಲೆಗೆ ಓದು ಹತ್ತಲಿಲ್ಲ, ಮೇಡಂ.”

ನಾಚಿಕೆಯಿಂದ ಹುಡುಗಿಯ ಮೈಯೆಲ್ಲ ಹಿಡಿಯಷ್ಟಾಯಿತು. ಆದರೂ ಪರದೆ ಸರಿಸಿ ಹೊರಗೆ ಬರಲಿಲ್ಲ.