ಏಣಿ ಹಿಡಿದ ಕೈ

ನನ್ನ ತಮ್ಮನ ಬಲಗೈಯ ಕಿರುಬೆರಳು ನೇರವಾಗಿಲ್ಲ. ನಡುಗೆಣ್ಣಿನ ಹತ್ತಿರ ಹೊರಕ್ಕೆ ಬಾಗಿದೆ. ಕಾಫಿ ಲೋಟ ಹಿಡಿದರೆ ಉಳಿದ ಬೆರಳುಗಳೆಲ್ಲ ಲೋಟಕ್ಕೆ ಅಂಟಿಕೊಳ್ಳುತ್ತವೆ, ಅದೊಂದು ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ದೂರ ನಿಲ್ಲುತ್ತದೆ. ಫುಟ್‌ಬಾಲ್ ಆಡಿ ಮುರಿದುಕೊಂಡದ್ದು ಎಂದು ನಮ್ಮವರೆಲ್ಲ ತಿಳಿದಿದ್ದಾರೆ. ಹಾಗೆ ತಿಳಿಯುವಂತೆ ಮಾಡಿದವನು ನಾನು. ಆ ಬೆರಳಿನ ಬಗ್ಗೆ ನಾನು ನಿಜ ಹೇಳಲಿಲ್ಲ. ಆ ಬೆರಳಿನ ಹುಡುಗನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕಾಗಿ ಬಂದ ದಿನವೂ ಹೇಳಲಿಲ್ಲ. ಅವನಿಗಾಗಿ ತೆರೆದಿದ್ದ ಒಂದೇ ಬಾಗಿಲು ನನ್ನ ಬಾಯಿಂದ ಮುಚ್ಚಿತು.

ನಾನು ಹೆಚ್ಚು ಓದಿದವನಲ್ಲ. ಅಪ್ಪ ಸಿಂಗಪುರದ ಸೆರಂಗೂನ್ ರಸ್ತೆಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಅವರಿಗೆ ಪಾರ್ಶ್ವವಾಯು ಹೊಡೆದಾಗ ಸೆಕೆಂಡರಿ ಎರಡನೇ ವರ್ಷಕ್ಕೇ, ಎಂಟನೇ ಕ್ಲಾಸಿನಲ್ಲೇ, ಶಾಲೆ ಬಿಟ್ಟು ಏರ್‌ಕಾನ್, ಅಂದರೆ ಎ.ಸಿ., ರಿಪೇರಿಯವರ ಕೈಕೆಳಗೆ ಸೇರಿಕೊಂಡೆ. ಕನ್ನಡ ಅಕ್ಷರ ಅಮ್ಮ ಕಲಿಸಿದ್ದು, ಮೈಸೂರಿನಿಂದ ಬರುತ್ತಿದ್ದ ಹಳೆಯ ವಾರಪತ್ರಿಕೆಗಳನ್ನು ಮುಂದಿಟ್ಟುಕೊಂಡು. ತೊಂಬತ್ತರ ದಶಕದ ಹೊತ್ತಿಗೆ ನನ್ನದೇ ಒಂದು ವ್ಯಾನ್ ಇತ್ತು. ಪಾಲಿಟೆಕ್ನಿಕ್ ಮತ್ತು ಇಲ್ಲಿಯ ಕಡ್ಡಾಯ ಮಿಲಿಟರಿ ಸೇವೆ ಎರಡನ್ನೂ ಮುಗಿಸಿದ ತಮ್ಮ, ಬೇರೆ ಕೆಲಸ ಸಿಗುವವರೆಗೆ ಅಂತ ನನ್ನ ಜೊತೆ ಬರತೊಡಗಿದ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇತ್ತು. ಏಣಿ ಹತ್ತುವವನು ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ ಕೇಳಬೇಕು, ‘ಹಿಡ್ಕೊಂಡಿದ್ಯಾ?’ ಕೆಳಗಿನವನು ಹೇಳಬೇಕು, ‘ಹಿಡ್ಕೊಂಡಿದೀನಿ, ಹತ್ತು.’ ಈ ಮಾತು ಆಗದೆ ಹತ್ತುವಂತಿಲ್ಲ. ಬೇರೆ ಹೆಲ್ಪರ್‌ಗಳು ಎಲ್ಲೋ ನೋಡುತ್ತಾ ‘ಹೂಂ ಹೂಂ’ ಅನ್ನುತ್ತಿದ್ದರು. ಇವನು ಕೈ ಇಟ್ಟ ಮೇಲೆಯೇ ಬಾಯಿ ಬಿಡುತ್ತಿದ್ದ. ಅವನಿದ್ದ ಅಷ್ಟು ದಿನ ನಾನು ಮೇಲಿನಿಂದ ಕೆಳಗೆ ನೋಡಿದವನೇ ಅಲ್ಲ.

ಬ್ಯೂನಾ ವಿಸ್ಟಾದ ಒಂದು ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಸರ್ವಿಸ್ ಮಾಡುತ್ತಿದ್ದಾಗ ಆ ಆಟ ಅವನನ್ನು ಹುಡುಕಿಕೊಂಡು ಬಂತು. ಮನೆಯ ಯಜಮಾನ ಆಸ್ಟ್ರೇಲಿಯದವನು. ಕಪಾಟಿನ ಮೇಲಿದ್ದ ಮೊಟ್ಟೆಯಾಕಾರದ ಚೆಂಡು ನನ್ನ ಮೊಣಕೈ ತಾಗಿ ಬಿತ್ತು. ಕೆಳಗೆ ಒಂದು ಕೈಯಲ್ಲಿ ಏಣಿ ಹಿಡಿದಿದ್ದ ತಮ್ಮ, ಏಣಿ ಬಿಡದೆ, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದ. ಯಜಮಾನ ನಗುತ್ತಾ ಕೇಳಿದ, ‘ಶನಿವಾರ ನಮ್ಮ ಟೀಮಿಗೆ ಒಬ್ಬ ಕಡಿಮೆ ಇದಾನೆ. ಬರ್ತೀಯಾ?’ ಅವನೇ ಆ ಟೀಮಿನ ಕೋಚ್.

ಅದು ಆಸ್ಟ್ರೇಲಿಯದವರ ಫುಟ್‌ಬಾಲ್. ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ಕೊಡಬಹುದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಆರು ಪಾಯಿಂಟ್, ಪಕ್ಕಕ್ಕೆ ಹೋದರೆ ಒಂದು. ತಮ್ಮನನ್ನು ವ್ಯಾನಿನಲ್ಲಿ ಮೈದಾನಕ್ಕೆ ತಂದು ಬಿಟ್ಟು ಸುಮ್ಮನೆ ನಿಂತಿರುತ್ತಿದ್ದ ನನಗೂ ಕೋಚ್ ಒಂದು ಬಿಳಿ ಕೋಟು ತೊಡಿಸಿ, ಕೈಗೆ ಎರಡು ಬಾವುಟ ಕೊಟ್ಟು ಕಂಬಗಳ ನಡುವೆ ನಿಲ್ಲಿಸಿದ. ಗೋಲ್ ಆದರೆ ಎರಡೂ ಬಾವುಟ ಬೀಸಬೇಕು, ಪಕ್ಕಕ್ಕೆ ಹೋದರೆ ಒಂದು. ಸಿಂಗಪುರದ ಬಿಸಿಲಲ್ಲಿ ಆ ಕೋಟಿನೊಳಗೆ ಇಡ್ಲಿಯ ಹಾಗೆ ಬೇಯುತ್ತಿದ್ದೆ.

ತಮ್ಮನಿಗೆ ಸಿಕ್ಕಿದ್ದು ನಡುಮೈದಾನ. ಅಂಪೈರ್ ಚೆಂಡನ್ನು ನೆಲಕ್ಕೆ ಕುಕ್ಕಿ ಮೇಲೆ ಹಾರಿಸಿದಾಗ ಕೆಳಗೆ ಆಗುವ ನೂಕುನುಗ್ಗಲಿನಲ್ಲಿ ಮೊದಲು ಬಗ್ಗುವವನು ಅವನು. ಚೆಂಡು ಎತ್ತಿ ಯಾರಿಗಾದರೂ ದಾಟಿಸಿ ಎದ್ದು ಓಡುತ್ತಿದ್ದ. ಎದುರಾಳಿಗಳು ನಮ್ಮ ಕಡೆ ನುಗ್ಗಿದರೆ ಅವರಿಗಿಂತ ಮುಂಚೆ ಅಲ್ಲಿರುತ್ತಿದ್ದ. ನನಗೆ ಇದು ಯಾವುದೂ ಕಾಣುತ್ತಿರಲಿಲ್ಲ. ನಾನು ನಿಂತಿದ್ದ ಜಾಗಕ್ಕೆ ಬರುತ್ತಿದ್ದವರು ಗೋಲ್ ಹೊಡೆಯುವವರು. ನಮ್ಮಲ್ಲಿ ಉದ್ದ ಕಾಲಿನ ಒಬ್ಬ ಹುಡುಗನಿದ್ದ. ಗೋಲ್ ಹೊಡೆದಾಗಲೆಲ್ಲ ಎರಡು ಕೈ ಚಾಚಿ ವಿಮಾನದ ಹಾಗೆ ಓಡುತ್ತಿದ್ದ. ಅವನಿಗಾಗಿ ಎಷ್ಟು ಸಲ ಬಾವುಟ ಬೀಸಿದೆನೋ! ತಮ್ಮನಿಗಾಗಿ ಒಮ್ಮೆಯೂ ಬೀಸಿದ ನೆನಪಿಲ್ಲ.

ಯುಗಾದಿಗೆ ಊರಿನ ಕನ್ನಡದವರೆಲ್ಲ ಸೇರಿದಾಗ ತಂಜಾಂಗ್ ಪಗಾರ್‌ನ ಬ್ಯಾಂಕಿನಲ್ಲಿದ್ದ ಅಂಕಲ್ ಒಬ್ಬರು ಒಬ್ಬಟ್ಟು ಮುರಿಯುತ್ತಾ ಕೇಳಿದರು.

‘ಏನಪ್ಪಾ, ನಿನ್ನ ತಮ್ಮ ಬಿಳಿಯರ ಜೊತೆ ಮಣ್ಣಲ್ಲಿ ಹೊರಳಾಡ್ತಾನಂತೆ? ಎಷ್ಟು ಗೋಲ್ ಹೊಡೆದ?’

‘ಹೊಡೆದಿಲ್ಲ ಅಂಕಲ್.’

‘ಮತ್ತೆ ಅಲ್ಲಿ ಏನ್ ಮಾಡ್ತಾನೆ?’

‘ಓಡ್ತಾನೆ.’

‘ಓಡೋದಾದ್ರೆ ಈಸ್ಟ್ ಕೋಸ್ಟ್ ಪಾರ್ಕಲ್ಲಿ ಓಡಬಹುದಿತ್ತಲ್ಲ, ಪೆಟ್ಟಾದ್ರೂ ತಪ್ಪುತ್ತಿತ್ತು!’

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಎಲೆಯ ಮುಂದೆ ಕೂತಿದ್ದ ತಮ್ಮನೂ ನಕ್ಕು, ‘ಸರಿ ಬಿಡಿ ಅಂಕಲ್, ಮುಂದಿನ ಬಾಲ್ ನೋಡೋಣ’ ಅಂದ. ಅದು ಅವನ ಮಾತು. ಆಟದಲ್ಲಿ ಯಾರಾದರೂ ತಪ್ಪು ಮಾಡಿದರೆ ಬೆನ್ನು ತಟ್ಟಿ ಅದನ್ನೇ ಹೇಳುತ್ತಿದ್ದ. ಅಮ್ಮ ಸಾರಿಗೆ ಉಪ್ಪು ಮರೆತರೂ ಅದನ್ನೇ. ಈ ಮಾತು ಕೇಳಿದರೆ ನನಗೆ ರೇಗುತ್ತಿತ್ತು. ಒಂದು ಸಲವಾದರೂ ಸಿಟ್ಟು ಮಾಡಿಕೊಳ್ಳಬಾರದೇ ಇವನು?

ಆಮೇಲೆ ಆ ದಿನ ಬಂತು. ಬ್ಯೂನಾ ವಿಸ್ಟಾದಲ್ಲೇ, ಇನ್ನೊಂದು ಕಾಂಡೋದ ಬಾಲ್ಕನಿ. ಕೆಟ್ಟುಹೋದ ಏರ್‌ಕಾನಿನಿಂದ ನೀರು ಸೋರಿ ನೆಲದ ಟೈಲ್ಸ್ ಒದ್ದೆಯಾಗಿತ್ತು. ಆ ದಿನ ಇನ್ನೂ ಮೂರು ಮನೆ ಬಾಕಿ.

‘ಅಣ್ಣ, ಒಂದ್ನಿಮಿಷ ಇರು, ನೆಲ ಒರೆಸ್ತೀನಿ.’

‘ಒರೆಸ್ತಾ ಕೂತ್ರೆ ಸಂಜೆ ಆಗುತ್ತೆ. ಹಿಡ್ಕೊಂಡಿದ್ಯಾ?’

ಅವನು ಏಣಿಗೆ ಎರಡೂ ಕೈ ಇಟ್ಟು ಹೇಳಿದ, ‘ಹಿಡ್ಕೊಂಡಿದೀನಿ, ಹತ್ತು.’

ಮೇಲಿನ ಮೆಟ್ಟಿಲಲ್ಲಿ ನಿಂತು ನಾನು ಹೊರಕ್ಕೆ ಬಾಗಿದ್ದೆ. ಏಣಿ ಜಾರಿತು. ಜಾರಿದ ಏಣಿ ಬಾಲ್ಕನಿಯ ಕಬ್ಬಿಣದ ಕಟಕಟೆಗೆ ಬಡಿದು, ತಮ್ಮ ಹಿಡಿದೇ ಇದ್ದುದರಿಂದ ಅಲ್ಲೇ ನಿಂತಿತು. ನನ್ನ ಕೆಳಗೆ ಆರು ಮಹಡಿ. ‘ಇಳಿ ಅಣ್ಣ, ಮೆಲ್ಲಗೆ ಇಳಿ’ ಎಂದ ತಮ್ಮನ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಇಳಿದು ನೋಡಿದರೆ ಅವನ ಕಿರುಬೆರಳು ಏಣಿಯ ಕಾಲಿಗೂ ಕಟಕಟೆಗೂ ನಡುವೆ ಸಿಕ್ಕಿಕೊಂಡಿತ್ತು. ಕೈ ಸಡಿಲಿಸಿದ್ದರೆ ಬೆರಳು ಉಳಿಯುತ್ತಿತ್ತು. ನಾನು ಉಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಹಾಕಿಸಿಕೊಂಡು ಮನೆಗೆ ಬಂದೆವು. ಅಮ್ಮ ಬಾಗಿಲಲ್ಲೇ ಚೀರಿದರು, ‘ಅಯ್ಯೋ, ಏನೋ ಇದು?’

‘ಪ್ರಾಕ್ಟೀಸಲ್ಲಿ ಪೆಟ್ಟಾಯ್ತಮ್ಮ’ ಎಂದು ನಾನು ಹೇಳಿಬಿಟ್ಟೆ. ಏಣಿಯ ವಿಷಯ ಕೇಳಿದರೆ ಅಮ್ಮ ನನ್ನನ್ನು ಕೆಲಸಕ್ಕೇ ಬಿಡುತ್ತಿರಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ಅಮ್ಮ ಆ ಆಟಕ್ಕೂ ಆ ಬಿಳಿಯರಿಗೂ ಹಿಡಿಶಾಪ ಹಾಕಿದರು. ತಮ್ಮ ನನ್ನ ಮುಖವನ್ನೇ ನೋಡಿದ. ‘ಸರಿ ಬಿಡಮ್ಮ’ ಅಂದ.

ಆ ಶನಿವಾರದ ಪಂದ್ಯಕ್ಕೆ ಆಸ್ಟ್ರೇಲಿಯದ ಪರ್ತ್‌ನಿಂದ ಒಬ್ಬ ಹಿರಿಯ ಮನುಷ್ಯ ಬಂದಿದ್ದ, ಕೋಚಿನ ಹಳೆಯ ಗೆಳೆಯ. ಅಲ್ಲಿಯ ಒಂದು ಸಣ್ಣ ಕ್ಲಬ್ಬಿಗೆ ಒಬ್ಬ ಎಳೆಯ ನಡುಮೈದಾನದ ಆಟಗಾರ ಬೇಕಿತ್ತು. ಒಂದು ಸೀಸನ್ ಆಟ, ಇರಲು ಮನೆ, ಹಗಲು ಹೊತ್ತು ಒಂದು ವರ್ಕ್‌ಶಾಪಿನಲ್ಲಿ ಕೆಲಸ. ತಮ್ಮನನ್ನು ನೋಡಲೆಂದೇ ಕೋಚ್ ಈ ಗೆಳೆಯನನ್ನು ಕರೆಸಿದ್ದ. ತಮ್ಮ ಒಂದು ವಾರ ಮೊದಲೇ ನನಗೆ ಇದನ್ನು ಹೇಳಿದ್ದ, ಸ್ಪ್ಯಾನರ್ ಒರೆಸುತ್ತಾ, ತಲೆ ಎತ್ತದೆ. ‘ಹೋಗಬೇಕು ಅಂತ ತುಂಬಾ ಆಸೆ ಇದೆ ಅಣ್ಣ.’ ಅವನ ಬಾಯಲ್ಲಿ ಆಸೆ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗ ಅವನು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೈದಾನದ ಗಡಿಯ ಹಗ್ಗದ ಆಚೆ ನಿಂತಿದ್ದ. ಪಂದ್ಯ ಶುರುವಾಯಿತು. ನಾನು ಕೋಟು ಹಾಕಿಕೊಂಡು, ಬಾವುಟ ಹಿಡಿದು, ನಮ್ಮವರು ಗೋಲ್ ಹೊಡೆಯುವ ತುದಿಯಲ್ಲಿ ನಿಂತೆ. ಚೆಂಡು ನನ್ನ ಕಡೆ ಬರಲೇ ಇಲ್ಲ. ನೂಕುನುಗ್ಗಲಿನಿಂದ ಅದು ಪ್ರತಿ ಸಲವೂ ಎದುರಾಳಿಗಳ ಕೈಗೇ ಸಿಕ್ಕಿ ಆ ತುದಿಗೇ ಹೋಗುತ್ತಿತ್ತು. ನಮ್ಮ ವಿಮಾನದ ಹುಡುಗ ನನ್ನ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತು ಕೂಗಿದ, ‘ನಿನ್ನ ತಮ್ಮ ಇಲ್ದೆ ನಂಗೆ ಬಾಲ್ ಯಾರ್ ಕೊಡ್ತಾರೆ ಮ್ಯಾನ್?’ ಬಾವುಟಗಳು ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಅಷ್ಟು ದಿನ ನಾನು ಬೀಸಿದ ಒಂದೊಂದು ಗೋಲೂ ಎಲ್ಲಿಂದ ಹೊರಟು ಬರುತ್ತಿತ್ತು ಎಂದು ನನಗೆ ಆಗ ಹೊಳೆಯಿತು. ಹೊಳೆಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಪಂದ್ಯ ಮುಗಿದ ಮೇಲೆ ಪರ್ತ್‌ನವನು ನೇರ ನನ್ನ ಹತ್ತಿರ ಬಂದ. ನಿಧಾನವಾಗಿ, ನನಗೆ ಅರ್ಥವಾಗುವಂತೆ ಇಂಗ್ಲಿಷಿನಲ್ಲಿ ಹೇಳಿದ. ‘ಕೋಚ್ ತನ್ನ ಹುಡುಗರನ್ನೆಲ್ಲ ಹೊಗಳ್ತಾನೆ. ಆಟ ನೋಡೋಣ ಅಂದ್ರೆ ಹುಡುಗನ ಕೈ ಮುರಿದಿದೆ. ನೀನು ಅವನ ಅಣ್ಣ, ಜೊತೆಗೆ ಕೆಲಸ ಮಾಡೋನು. ನಂಗೆ ಸ್ಟಾರ್ ಬೇಡ. ನಂಬಬಹುದಾದ ಹುಡುಗ ಬೇಕು. ಅವನನ್ನ ನಂಬಬಹುದಾ?’

ನಮ್ಮ ಮನೆಯಲ್ಲಿ ನಮ್ಮವರನ್ನು ನಾವು ಹೊಗಳುವುದಿಲ್ಲ. ದೃಷ್ಟಿಯಾಗುತ್ತದೆ ಎಂದು ಅಮ್ಮ ಕಲಿಸಿದ್ದು. ಯಾರಾದರೂ ‘ಮಗ ಜಾಣ’ ಅಂದರೆ ‘ಅಯ್ಯೋ ಶುದ್ಧ ಸೋಮಾರಿ’ ಅನ್ನಬೇಕು. ಕೇಳಿದವರು ‘ಸುಮ್ಮನಿರಿ, ಚಿನ್ನದಂಥ ಹುಡುಗ’ ಅನ್ನಬೇಕು. ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ನನ್ನ ಬಾಯಿ ಆ ಅಭ್ಯಾಸದಲ್ಲೇ ತೆರೆಯಿತು.

‘ಆರ್ಡಿನರಿ ಲಾ’ ಅಂದೆ, ಸಿಂಗಪುರದವರ ಧಾಟಿಯಲ್ಲಿ. ‘ಗೋಲ್ ಗೀಲ್ ಏನೂ ಇಲ್ಲ. ಸ್ವಲ್ಪ ಸೋಮಾರಿ. ನಂಬೋದು ಕಷ್ಟ.’

ಅವನು ‘ಸುಮ್ಮನಿರಿ’ ಅನ್ನಲಿಲ್ಲ. ಅವನ ದೇಶದಲ್ಲಿ ಆ ಎರಡನೆಯ ಸಾಲು ಇಲ್ಲ. ‘ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್’ ಎಂದು ಕೈ ಕುಲುಕಿ ತಿರುಗಿದ. ಕರೆದು ‘ಇಲ್ಲ ಸರ್, ಅದು ನಮ್ಮ ಕಡೆ ಹೇಳುವ ರೀತಿ’ ಅನ್ನಬಹುದಿತ್ತು. ಅವನ ಕಾರು ಅಲ್ಲೇ ನಿಂತಿತ್ತು, ಬಾಗಿಲು ತೆಗೆದು ಶೂ ಬದಲಾಯಿಸುತ್ತಾ ಬೇಕಾದಷ್ಟು ಹೊತ್ತು ಕೂತಿದ್ದ. ನಾನು ಬಾವುಟ ಸುತ್ತುತ್ತಾ ನಿಂತೆ. ದೃಷ್ಟಿಯ ನೆಪ ಮೊದಲ ಮಾತಿಗೆ ಮಾತ್ರ ಸಲ್ಲುತ್ತದೆ. ಆಮೇಲಿನ ಮೌನ ಪೂರ್ತಿ ನನ್ನದು. ಇವನು ಹೋದರೆ ಏಣಿ ಯಾರು ಹಿಡಿಯುತ್ತಾರೆ ಎಂದು ಯೋಚಿಸುತ್ತಿದ್ದೆ. ಮನೆಗಾಗಿ, ಇವನ ಓದಿಗಾಗಿ ಶಾಲೆ ಬಿಟ್ಟವನು ನಾನು, ನನಗೆ ಯಾರು ಯಾವ ಪರ್ತ್ ತೋರಿಸಿದರು ಎಂದೂ ಯೋಚಿಸಿದೆ.

ವಾಪಸ್ ಬರುವಾಗ ವ್ಯಾನಿನಲ್ಲಿ ತಮ್ಮ ಕೇಳಿದ.

‘ಅವರು ನಿನ್ನ ಹತ್ರ ಮಾತಾಡಿದ್ರಾ ಅಣ್ಣ?’

‘ಹೂಂ.’

‘ಏನ್ ಹೇಳ್ದೆ?’

‘ಇನ್ನೇನ್ ಹೇಳ್ಲಿ? ಮಾಮೂಲಿ ಹುಡುಗ ಅಂದೆ.’

ಅವನು ಕಿಟಕಿಯ ಕಡೆ ತಿರುಗಿದ. ತುಂಬ ದೂರ ಬಂದ ಮೇಲೆ ಹೇಳಿದ, ‘ಸರಿ ಬಿಡು.’ ಮುಂದಿನ ಬಾಲ್ ಎಂದು ಆ ದಿನ ಹೇಳಲಿಲ್ಲ.

ತಮ್ಮನ ಬದಲು ಪರ್ತ್‌ಗೆ ಹೋದದ್ದು ಆ ವಿಮಾನದ ಹುಡುಗ. ಅವನು ಅಲ್ಲಿ ಮನಸ್ಸು ನಿಲ್ಲದೆ ಸೀಸನ್ ಅರ್ಧದಲ್ಲೇ ಬಿಟ್ಟು ಬಂದ. ಯಾರಿಗೂ ಉಪಯೋಗವಾಗಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೆರಳು ಕೂಡಿದ ಮೇಲೆ ತಮ್ಮ ಮತ್ತೆ ಆಡಿದ, ಅದೇ ನಡುಮೈದಾನದಲ್ಲಿ, ಅದೇ ಥರ ಬಗ್ಗಿ, ಎದ್ದು, ಓಡಿ. ಪ್ರತಿ ಗೋಲಿಗೂ ಬಾವುಟ ಬೀಸುವಾಗ ನಾನು ದೂರದಲ್ಲಿ ಮಂಡಿಯ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದವನನ್ನು ನೋಡುತ್ತಿದ್ದೆ. ಇನ್ನೊಮ್ಮೆ ಯಾರೂ ಬಂದು ಕೇಳಲಿಲ್ಲ. ಸ್ವಲ್ಪ ಕಾಲದ ನಂತರ ಬಸ್ ಡಿಪೋ ಒಂದರಲ್ಲಿ ಟೆಕ್ನಿಷಿಯನ್ ಆಗಿ ಸೇರಿ ಆಟ ಬಿಟ್ಟ. ಅಪ್ಪನ ಕೊನೆಯ ದಿನಗಳಲ್ಲಿ ಅವರನ್ನು ಎತ್ತಿ ಕೂರಿಸಿದ್ದು ಅವನು, ಅಮ್ಮನನ್ನು ಕೊನೆವರೆಗೂ ಇಟ್ಟುಕೊಂಡದ್ದು ಅವನು. ಅಮ್ಮ ಆ ಬೆರಳನ್ನು ನೀವುತ್ತಾ ‘ಹಾಳು ಆಟ’ ಎಂದು ಬೈಯುತ್ತಲೇ ಹೋದರು. ಅವನು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಈಗ ಅವನ ಮನೆ ಪುಂಗೋಲ್‌ನಲ್ಲಿ. ನಾನು ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಹೋದ ತಿಂಗಳು ಅವನ ನಡುಮನೆಯ ಏರ್‌ಕಾನಿನಿಂದ ನೀರು ಸೋರುತ್ತಿದೆ ಎಂದಾಗ, ‘ಬೇರೆಯವರನ್ನ ಕರೀಬೇಡ, ನಾನೇ ಬರ್ತೀನಿ’ ಅಂದೆ. ಅವನ ಹೆಂಡತಿ ‘ಭಾವ, ಈ ವಯಸ್ಸಲ್ಲಿ ಏಣಿ ಯಾಕೆ?’ ಎಂದು ಗೊಣಗಿದಳು. ತಮ್ಮ ಒಂದು ಬಟ್ಟೆ ತಂದು ಏಣಿಯ ಕೆಳಗಿನ ನೆಲವನ್ನು ಒರೆಸಿದ. ಮೂಲೆ ಮೂಲೆ ಒರೆಸಿದ. ನಾನು ಕಾಯುತ್ತಾ ನಿಂತೆ.

‘ಹಿಡ್ಕೊಂಡಿದ್ಯಾ?’ ಅಂದೆ.

‘ಹಿಡ್ಕೊಂಡಿದೀನಿ, ಹತ್ತು.’

ಮೇಲೆ ಹೋಗಿ ಮುಚ್ಚಳ ತೆಗೆದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೆಳಗೆ ನೋಡಿದೆ. ಏಣಿಯ ಕಾಲಿನ ಸುತ್ತ ಅವನ ಬೆರಳುಗಳು, ದೂರ ನಿಂತ ಆ ಒಂದು ಬೆರಳು, ನರೆತ ತಲೆ. ಸ್ಕ್ರೂಡ್ರೈವರ್ ಜೇಬಿಗೆ ಹಾಕಿ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡೆ.

‘ಏನಾಯ್ತು ಅಣ್ಣ? ತಲೆ ಸುತ್ತುತ್ತಾ? ಇಳಿ.’

‘ಇಲ್ಲ ಕಣೋ. ಇಲ್ಲಿಂದ್ಲೇ ಹೇಳ್ತೀನಿ, ಇಳಿದ್ರೆ ಹೇಳಕ್ಕಾಗಲ್ಲ. ಆ ಪರ್ತ್‌ನವನು ಕೇಳಿದ್ದು ನಿನ್ನನ್ನ ನಂಬಬಹುದಾ ಅಂತ. ನಂಬೋದು ಕಷ್ಟ ಅಂತ ಹೇಳ್ದೆ ನಾನು. ನಿನ್ನ ಕೈಯಿಂದ ಜೀವ ಉಳಿಸ್ಕೊಂಡ ವಾರವೇ ಹೇಳ್ದೆ. ನಿನ್ನನ್ನ ಕಳಿಸೋ ಮನಸ್ಸಿರ್ಲಿಲ್ಲ, ಅದಕ್ಕೇ ಹೇಳ್ದೆ. ತಪ್ಪಾಯ್ತು ಕಣೋ, ನನ್ನ ಕ್ಷಮಿಸಿಬಿಡು.’